ಓದುಗರ ಪ್ರಶ್ನೆ: ‘ಇಲ್ಲಿ ಹತ್ತುವುದಿಲ್ಲ’ ಎಂದವರಿಗೆ ಹಾಜರಿ ಇಲ್ಲವೇ?

ಕಾಳುಮೆಣಸಿನ ಕುಯ್ಲು ಮುಗಿಯುತ್ತಿದ್ದಂತೆ ಕೊಡಗಿನ ತೋಟಗಳಲ್ಲಿ ಮರ ಕಪಾತಿನ, ಎಂದರೆ ಕೊಂಬೆ ಸವರುವ, ಕೆಲಸ ಹತ್ತಿರವಾಗುತ್ತದೆ. ಜನ ದಿನವಿಡೀ ಏಣಿಯ ಮೇಲಿರುವ ಕಾಲವಿದು. ಕೆಲಸದ ಜಾಗದ ಸುರಕ್ಷತೆ ಮತ್ತು ದುಡಿಯುವವರ ಮರ್ಯಾದೆಯ ಕುರಿತು ಈ ತಿಂಗಳು ಅಲ್ಲಿಂದ ಬಂದ ಪತ್ರಗಳಲ್ಲಿ ಐದನ್ನು ಉತ್ತರಕ್ಕೆ ಆರಿಸಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಇನ್ನೂ ಅದೇ ತೋಟಗಳಲ್ಲಿ ಇರುವವರಾದ್ದರಿಂದ ಅವರ ಹೆಸರುಗಳನ್ನು ಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಕಾಫಿ ತೋಟವೊಂದರಲ್ಲಿ ಹನ್ನೊಂದು ವರ್ಷಗಳಿಂದ ರೈಟರ್ ಆಗಿದ್ದೇನೆ, ಹಾಜರಿ ಪುಸ್ತಕ ಬರೆಯುವುದು ನನ್ನ ಕೆಲಸ. ಕಳೆದ ವಾರ ಮೆಣಸು ಕುಯ್ಯುವಾಗ ಸಿಲ್ವರ್ ಮರವೊಂದಕ್ಕೆ ಅಲ್ಯೂಮಿನಿಯಂ ಏಣಿ ಇಡಲು ಮೇಸ್ತ್ರಿ ಹೇಳಿದರು. ಹಿರಿಯ ಕಾರ್ಮಿಕರೊಬ್ಬರು ‘ಪಕ್ಕದಲ್ಲೇ ಕರೆಂಟ್ ಲೈನ್ ಇದೆ, ನಾನು ಇಲ್ಲಿ ಹತ್ತುವುದಿಲ್ಲ’ ಎಂದರು. ಮೇಸ್ತ್ರಿ ಎಲ್ಲರ ಎದುರು ಅವರನ್ನು ಬೈದು, ‘ಇವನಿಗೆ ಇವತ್ತು ಹಾಜರಿ ಹಾಕಬೇಡಿ’ ಎಂದು ನನಗೆ ಹೇಳಿದರು. ನಾನು ಹಾಕಲಿಲ್ಲ. ಅಂದಿನಿಂದ ನೆಮ್ಮದಿಯಿಲ್ಲ. ನಾನು ಮಾಡಿದ್ದು ತಪ್ಪೇ? ಇನ್ನು ಮುಂದೆ ಏನು ಮಾಡಬೇಕು? (ಸಿದ್ದಾಪುರ)

ಉತ್ತರ: ತಪ್ಪೇ. ಆದರೆ ಅದನ್ನು ತಿದ್ದುವ ಪುಸ್ತಕ ಇನ್ನೂ ನಿಮ್ಮ ಕೈಯಲ್ಲೇ ಇದೆ. ಆ ದಿನದ ಹಾಜರಿಯನ್ನು ಮಾಲೀಕರ ಗಮನಕ್ಕೆ ತಂದು ಸರಿಪಡಿಸಿ, ಕೂಲಿಯನ್ನು ಅವರಿಗೆ ಕೊಡಿಸಿ. ಬೈದದ್ದು ಎಲ್ಲರ ಎದುರು ಆದ್ದರಿಂದ ಕೂಲಿಯನ್ನೂ ಎಲ್ಲರ ಎದುರೇ ಕೊಡಬೇಕೆಂಬುದು ನನ್ನ ಒತ್ತಾಯ.

ಆ ಹಿರಿಯರು ಕೆಲಸ ತಪ್ಪಿಸಿಕೊಂಡವರಲ್ಲ. ಕೆಲಸದ ಜಾಗದಲ್ಲಿ ಅಪಾಯವಿದೆ ಎಂದು ಮುಂಚಿತವಾಗಿ ತೋರಿಸಿಕೊಟ್ಟವರು. ತೋಟ ಕಾರ್ಮಿಕರಿಗೆ ದಶಕಗಳ ಕಾಲ ಆಸರೆಯಾಗಿದ್ದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಜಾಗಕ್ಕೆ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 2020ರಲ್ಲಿ ಸಂಸತ್ತು ಒಪ್ಪಿದ ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಪ್ರಾಣಕ್ಕೆ ಅಥವಾ ಅಂಗಕ್ಕೆ ಕೂಡಲೇ ಅಪಾಯವಾಗಬಹುದೆಂಬ ಸಕಾರಣ ಭಯವಿದ್ದರೆ ಅದನ್ನು ಮಾಲೀಕರ ಗಮನಕ್ಕೂ ಇಲಾಖೆಯ ನಿರೀಕ್ಷಕರ ಗಮನಕ್ಕೂ ತರುವುದು ಕಾರ್ಮಿಕನ ಹಕ್ಕು ಎಂದು ಅದು ಹೇಳುತ್ತದೆ. ಭಯ ನಿಜವೆಂದು ಕಂಡರೆ ತಡಮಾಡದೆ ಸರಿಪಡಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ. ಕೂಲಿಯ ಕಾನೂನು ಕೂಡ, ಸಕಾರಣವಿಲ್ಲದೆ ಕೆಲಸ ನಿರಾಕರಿಸಿದಾಗ ಮಾತ್ರ ಅದನ್ನು ಗೈರುಹಾಜರಿ ಎಂದು ಎಣಿಸಲು ಬಿಡುತ್ತದೆ. ಏಣಿಗೆ ನಿಲುಕುವ ದೂರದಲ್ಲಿ ಹನ್ನೊಂದು ಸಾವಿರ ವೋಲ್ಟಿನ ತಂತಿ ಇರುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ಅಲ್ಯೂಮಿನಿಯಂ ಏಣಿ ಕೊಡಗಿಗೆ ಬಂದದ್ದು ಅನುಕೂಲಕ್ಕಾಗಿ. ಅದು ಬಿದಿರಿನಂತೆ ಹುಳು ಹಿಡಿಯುವುದಿಲ್ಲ, ಒಬ್ಬರೇ ಹೊತ್ತು ಸಾಗಬಹುದಾದಷ್ಟು ಹಗುರವಾಗಿರುತ್ತದೆ, ಮೆಣಸಿನ ಬಳ್ಳಿ ಹಬ್ಬಿದ ಎತ್ತರದ ಸಿಲ್ವರ್ ಮರಕ್ಕೂ ನಿಲುಕುತ್ತದೆ. ಆದರೆ ಅದು ಇಡೀ ಉದ್ದಕ್ಕೂ ವಿದ್ಯುತ್ತನ್ನು ಹರಿಸುವ ಲೋಹ. ಹತ್ತುವಾಗ ಮಾತ್ರವಲ್ಲದೆ, ನೆಟ್ಟಗೆ ಹಿಡಿದುಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆಯುವಾಗಲೂ ಅದರ ತುದಿ ತಂತಿಗೆ ತಗುಲುತ್ತದೆ, ಏಕೆಂದರೆ ಹೊತ್ತವರ ಕಣ್ಣು ಆಗ ಕಾಲ ಕೆಳಗಿನ ಕಾಫಿ ಗಿಡದ ಬುಡದ ಮೇಲಿರುತ್ತದೆಯೇ ಹೊರತು ಮೇಲಿರುವುದಿಲ್ಲ. ಕೊಡಗಿನಲ್ಲಿ ಇಂಥ ಸಾವುಗಳು ಮೆಣಸಿನ ಕುಯ್ಲು ಮತ್ತು ಕಪಾತಿನ ಕಾಲದಲ್ಲಿ ಮತ್ತೆ ಮತ್ತೆ ಆಗಿವೆ. ಹಳೆಯ ಬಿದಿರಿನ ಏಣಿಗೆ ಮರಳಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಮಂಜಿನಲ್ಲೋ ಮಳೆಯಲ್ಲೋ ನೆನೆದ ಬಿದಿರು ಕೂಡ ಆ ವೋಲ್ಟೇಜಿಗೆ ದಾರಿ ಕೊಡುತ್ತದೆ. ಫೈಬರ್ ಏಣಿ ಉತ್ತಮ, ಆದರೆ ಅದು ಒಣಗಿರಬೇಕು, ಮಣ್ಣು ಮೆತ್ತಿರಬಾರದು.

ಆದ್ದರಿಂದ ಏಣಿ ಯಾವುದೇ ಇರಲಿ, ನಾನು ಹೇಳುವ ಲೆಕ್ಕ ಒಂದೇ. ಏಣಿ ಯಾವ ದಿಕ್ಕಿಗೆ ವಾಲಿ ಬಿದ್ದರೂ ಅದರ ತುದಿ ತಂತಿಯ ಹತ್ತಿರ ಸುಳಿಯಬಾರದು. ಸುಳಿಯುವಂತಿದ್ದರೆ ಆ ಮರದ ಮೆಣಸು ಲೈನ್ ಬಂದ್ ಆಗುವವರೆಗೆ ಬಳ್ಳಿಯಲ್ಲೇ ಇರಲಿ. ವಿದ್ಯುತ್ ಪೂರೈಸುವ ಸೆಸ್ಕ್ ಕಂಪನಿಯ ನಿಮ್ಮ ಭಾಗದ ಕಚೇರಿಗೆ ಮುಂಚಿತವಾಗಿ ಬರೆದುಕೊಟ್ಟರೆ ಗೊತ್ತಾದ ಹೊತ್ತಿಗೆ ವಿದ್ಯುತ್ ನಿಲ್ಲಿಸಿಕೊಡುವ ವ್ಯವಸ್ಥೆಯನ್ನು ಕೇಳಬಹುದು. ಲೈನ್‌ಮ್ಯಾನ್‌ಗಳು ‘ಎಲ್‌ಸಿ ತೆಗೆದುಕೊಳ್ಳುವುದು’ ಎನ್ನುವುದು ಇದನ್ನೇ. ಲೈನ್ ಬಂದ್ ಆಗಿದೆ ಎಂದು ಅವರು ಹೇಳಬೇಕು. ಮನೆಯಲ್ಲಿ ದೀಪ ಹೋದದ್ದನ್ನು ನೋಡಿ ತೋಟದ ಲೈನ್ ಸತ್ತಿದೆ ಎಂದು ಯಾರೂ ಊಹಿಸಬಾರದು. ತಂತಿ ಜೋತುಬಿದ್ದಿದ್ದರೆ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಯಾರಿಗಾದರೂ ಶಾಕ್ ಹೊಡೆದರೆ, ಎಷ್ಟೇ ಸಂಕಟವಾದರೂ, ವಿದ್ಯುತ್ ನಿಂತಿದೆ ಎಂದು ಖಚಿತವಾಗುವ ಮುನ್ನ ಹತ್ತಿರ ಓಡಬಾರದು. ಮನೆಯ ಕರೆಂಟಿಗೆ ಒಣ ಕೋಲು ಬಳಸಿದಂತೆ ಈ ತಂತಿಗೆ ಕೋಲು ಹಿಡಿದು ಹೋದರೆ ಒಂದು ಸಾವು ಎರಡಾಗುತ್ತದೆ.

ನೀವು ರೈಟರ್ ಆದ್ದರಿಂದ ಒಂದು ಸಂಗತಿಯನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ, ನಾನು ಕೆಲಸದಲ್ಲಿದ್ದಾಗ, ಕಪಾತು ಮಾಡುತ್ತಿದ್ದ ಯುವಕನೊಬ್ಬ ಏಣಿಯ ಮೇಲೆಯೇ ಶಾಕ್ ತಗುಲಿ ಸತ್ತ ತೋಟವೊಂದಕ್ಕೆ ಹೋಗಿದ್ದೆ. ಹಾಜರಿ ಪುಸ್ತಕ ತರಿಸಿ ನೋಡಿದೆ. ಸಾವು ಸಂಭವಿಸಿದ್ದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಅವನ ಹೆಸರಿನ ಮುಂದೆ ಆ ದಿನದ ಚೌಕದಲ್ಲಿ ನೀಲಿ ಶಾಯಿಯಲ್ಲಿ ‘½’ ಎಂದು ಬರೆದಿತ್ತು, ಮರುದಿನದಿಂದ ತಿಂಗಳ ಕೊನೆಯವರೆಗೆ ಒಂದೊಂದು ಚೌಕದಲ್ಲೂ ‘ಗೈ’ ಎಂದಿತ್ತು. ಬರೆದವರು ಕೆಟ್ಟವರಲ್ಲ, ದಿನಾ ಬರೆಯುವ ಕೈ ಯೋಚನೆಯಿಲ್ಲದೆ ಬರೆದಿತ್ತು. ಆ ಪುಟವನ್ನು ನಾನು ಇಂದಿಗೂ ಮರೆತಿಲ್ಲ. ಅಲ್ಲಿಯೂ ಒಬ್ಬರು ಹಿಂದಿನ ದಿನವೇ ‘ಆ ಮರ ಬೇಡ’ ಎಂದಿದ್ದರಂತೆ. ಅವರ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದಕ್ಕಾಗಿಯೇ ಕೇಳುತ್ತೇನೆ, ಇನ್ನು ಮುಂದೆ ನಿಮ್ಮ ಪುಸ್ತಕದ ಕೊನೆಯ ಪುಟಗಳಲ್ಲಿ ಯಾರು, ಯಾವ ದಿನ, ಯಾವ ಬ್ಲಾಕಿನಲ್ಲಿ ಏನು ಅಪಾಯ ತೋರಿಸಿದರು ಎಂಬುದನ್ನು ಬರೆಯುವ ರೂಢಿ ಮಾಡಿಕೊಳ್ಳಿ, ವಾರಕ್ಕೊಮ್ಮೆ ಮಾಲೀಕರಿಂದ ಸಹಿ ಹಾಕಿಸಿ.

ಮಾಲೀಕರು ಇದಕ್ಕೆ ಸಮಯವಿಲ್ಲ ಎಂದರೆ ಪರಿಹಾರದ ಲೆಕ್ಕವನ್ನು ಅವರ ಮುಂದಿಡಿ. ಕೆಲಸದಲ್ಲಿ ಸತ್ತವರ ಅವಲಂಬಿತರಿಗೆ ಕೊಡಬೇಕಾದ ಪರಿಹಾರವನ್ನು ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಕದಿಂದ ಗುಣಿಸಿ ಕಂಡುಹಿಡಿಯುತ್ತಾರೆ. 35 ವರ್ಷದವರಿಗೆ ಆ ಅಂಕ 197.06. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದವರಾದರೆ ಅದು 11,82,360 ರೂಪಾಯಿ. ಕಾರ್ಮಿಕನ ಅಜಾಗರೂಕತೆಯಿಂದಲೇ ಆಯಿತೆಂದು ವಾದಿಸಿ ಸಾವಿನ ಪರಿಹಾರದಿಂದ ತಪ್ಪಿಸಿಕೊಳ್ಳಲಾಗದು. ಜನರನ್ನು ಕರೆತಂದವರು ಗುತ್ತಿಗೆಯ ಮೇಸ್ತ್ರಿ ಎಂಬ ಕಾರಣಕ್ಕೂ ತೋಟದ ಮಾಲೀಕರ ಹೊಣೆ ಕಳಚುವುದಿಲ್ಲ. ಶವಸಂಸ್ಕಾರದ ದಿನ ಕುಟುಂಬದ ಕೈಗೆ ಲಕ್ಷ ರೂಪಾಯಿ ಕೊಟ್ಟು, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ‘ರಾಜಿ’ಯಾಯಿತೆಂದು ಹೇಳುವ ರೂಢಿ ನಮ್ಮಲ್ಲಿದೆ. ಸಾವಿನ ಪರಿಹಾರವನ್ನು ಅದಕ್ಕೆಂದು ನೇಮಿಸಿದ ಅಧಿಕಾರಿಯ ಬಳಿ ಠೇವಣಿ ಇಡಬೇಕೇ ವಿನಾ ನೇರವಾಗಿ ಕೈಗೆ ಕೊಟ್ಟದ್ದನ್ನು ಕಾನೂನು ಪರಿಹಾರವೆಂದು ಒಪ್ಪುವುದಿಲ್ಲ. ದುಃಖದಲ್ಲಿರುವ ಮನೆಯವರಿಗೆ ಇದನ್ನು ತಿಳಿಸುವವರು ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಆದ್ದರಿಂದ ಇಲ್ಲಿಯೇ ಬರೆದಿದ್ದೇನೆ.

ಪ್ರಶ್ನೆ: ನನ್ನ ಯಜಮಾನರು ತೋಟದಲ್ಲಿ ಔಷಧಿ ಹೊಡೆಯುವ ಕೆಲಸ ಮಾಡುತ್ತಾರೆ. ಹೊಡೆದ ದಿನ ಸಂಜೆ ತಲೆನೋವು, ಬಾಯಲ್ಲಿ ನೀರೂರುವುದು, ಕಣ್ಣು ಮಂಜಾಗುವುದು, ಕೈ ನಡುಗುವುದು ಇರುತ್ತದೆ. ಹಾಲು ಕುಡಿದು ಬೆಲ್ಲ ತಿಂದರೆ ಸರಿಹೋಗುತ್ತದೆ ಎನ್ನುತ್ತಾರೆ. ಮುಖಕ್ಕೆ ಕಟ್ಟಲು ಟವೆಲ್ ಬಿಟ್ಟರೆ ಬೇರೇನೂ ಇಲ್ಲ. (ತಿತಿಮತಿ)

ಉತ್ತರ: ಅಮ್ಮಾ, ಮೊದಲು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ, ಹೋಗುವಾಗ ಔಷಧಿಯ ಡಬ್ಬಿಯನ್ನೋ ಅದರ ಚೀಟಿಯ ಫೋಟೋವನ್ನೋ ತೆಗೆದುಕೊಂಡು ಹೋಗಿರಿ. ನೀವು ಬರೆದ ಲಕ್ಷಣಗಳು ಕಾಫಿಯ ಕಾಂಡಕೊರಕಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳು ದೇಹಕ್ಕೆ ಸೇರಿದಾಗ ಕಾಣುವಂಥವು. ಕೋಲಿನ್‌ಎಸ್ಟರೇಸ್ ಎಂಬ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ‘ತೋಟದಲ್ಲಿ ಔಷಧಿ ಹೊಡೆಯುತ್ತಾರೆ’ ಎಂದು ನೀವೇ ಹೇಳದಿದ್ದರೆ ವೈದ್ಯರು ಸಾಮಾನ್ಯ ತಲೆನೋವಿನ ಮಾತ್ರೆ ಕೊಟ್ಟು ಕಳುಹಿಸಬಹುದು. ಹಾಲಿನಿಂದಲೂ ಬೆಲ್ಲದಿಂದಲೂ ಈ ವಿಷ ಇಳಿಯುವುದಿಲ್ಲ. ಉಸಿರು ಕಟ್ಟಿದಂತಾದರೆ, ಬೆವರು ಧಾರಾಕಾರವಾದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾದರೆ ಬಟ್ಟೆ ಬಿಚ್ಚಿಸಿ, ಮೈಯನ್ನು ಸೋಪು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಬೇಕು. ವಾಂತಿ ಮಾಡಿಸಲು ಹೋಗಬಾರದು.

ಈ ವಿಷ ಬಾಯಿಯಿಂದ ಹೋಗುವುದಕ್ಕಿಂತ ಹೆಚ್ಚಾಗಿ ಚರ್ಮದ ಮೂಲಕ ಹೋಗುತ್ತದೆ. ಬೆನ್ನಿಗೆ ಹೊತ್ತ ಕ್ಯಾನಿನ ಮುಚ್ಚಳದಿಂದ ಸೋರಿ ಅಂಗಿಯನ್ನು ನೆನೆಸಿದ ದ್ರಾವಣ ಸಂಜೆಯವರೆಗೆ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ಹನಿಗಳನ್ನು ಹೀರಿ ಮೂಗಿನ ಹತ್ತಿರವೇ ಹಿಡಿದಿಡುವುದರಿಂದ ಅದನ್ನು ರಕ್ಷಣೆ ಎನ್ನಲಾಗದು. ನಳಿಕೆ ಕಟ್ಟಿಕೊಂಡಾಗ ಬಾಯಿಯಿಂದ ಊದಿ ಬಿಡಿಸುವವರನ್ನು ನಾನೇ ಕಂಡಿದ್ದೇನೆ. ಕೈಗವಸು, ಬೂಟು, ಕನ್ನಡಕ, ಉಸಿರಿನ ಮುಸುಕು, ಉದ್ದ ತೋಳಿನ ಬಟ್ಟೆ, ಹೊಡೆದ ಮೇಲೆ ಸ್ನಾನ ಮಾಡಲು ನೀರು ಮತ್ತು ಜಾಗ, ಇವೆಲ್ಲವನ್ನೂ ಒದಗಿಸುವುದು ಮಾಲೀಕರ ಹೊಣೆ. ತೋಟದ ವಿಷ ಔಷಧಿಗಳ ಬಗ್ಗೆ ಪ್ರತ್ಯೇಕವಾದ ಸುರಕ್ಷತಾ ಅಧ್ಯಾಯವೊಂದು 2010ರ ತಿದ್ದುಪಡಿಯಲ್ಲೇ ಹಳೆಯ ಕಾಯ್ದೆಗೆ ಸೇರಿತ್ತು, ಈಗಿನ ಸಂಹಿತೆಯಲ್ಲೂ ಅದು ಮುಂದುವರಿದಿದೆ.

ಡಬ್ಬಿಯ ಮೇಲೆ ಬಣ್ಣದ ಗುರುತೊಂದಿರುತ್ತದೆ. ಕೆಂಪು ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಓದಲು ಬಾರದವರಿಗೂ ಬಣ್ಣ ತಿಳಿಯುತ್ತದೆ, ಅದನ್ನು ನಿಮ್ಮ ಲೈನ್ ಮನೆಗಳ, ಎಂದರೆ ಕಾರ್ಮಿಕರ ಸಾಲುಮನೆಗಳ, ಎಲ್ಲರಿಗೂ ತೋರಿಸಿಕೊಡಿ. ಹಸಿರೆಂದರೆ ನಿರಪಾಯ ಎಂದು ಮಾತ್ರ ತಿಳಿಯಬೇಡಿ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಆ ಬಟ್ಟೆಯನ್ನು ಒಗೆಯುವವರು ನೀವೇ ಇರಬೇಕು. ಅದನ್ನು ಮಕ್ಕಳ ಬಟ್ಟೆಯೊಂದಿಗೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಬೇಡಿ, ಕೈಗೆ ಗವಸು ಹಾಕಿಕೊಂಡು ಬೇರೆಯಾಗಿ ಒಗೆಯಿರಿ. ಔಷಧಿಯ ಖಾಲಿ ಕ್ಯಾನನ್ನು ಕತ್ತರಿಸಿ ನೀರು ತುಂಬಿಡುವ ಪಾತ್ರೆಯಾಗಿ ಮಾಡಿಕೊಂಡಿದ್ದರೆ ಇಂದೇ ತೋಟಕ್ಕೆ ಹಿಂದಿರುಗಿಸಿ, ಎಷ್ಟು ತೊಳೆದರೂ ಅದು ನೀರಿಗೆ ತಕ್ಕ ಪಾತ್ರೆಯಾಗುವುದಿಲ್ಲ.

ಪ್ರಶ್ನೆ: ನಮ್ಮದು ನಾಲ್ಕು ಎಕರೆಯ ತೋಟ. ಕುಯ್ಲಿನ ಕಾಲದಲ್ಲಿ ಮಾತ್ರ ಎಂಟು ಹತ್ತು ಜನರನ್ನು ಪಿಕಪ್ ವಾಹನದಲ್ಲಿ ಕರೆತರುತ್ತೇವೆ. ಈ ಕಾನೂನುಗಳು ನಮ್ಮಂಥ ಸಣ್ಣವರಿಗೂ ಅನ್ವಯಿಸುತ್ತವೆಯೇ? (ನಾಪೋಕ್ಲು)

ಉತ್ತರ: ತೋಟಗಳಿಗೆಂದೇ ಇರುವ ವಸತಿ, ಶಿಶುವಿಹಾರ ಮುಂತಾದ ನಿಯಮಗಳು ಐದು ಹೆಕ್ಟೇರ್, ಎಂದರೆ ಸುಮಾರು ಹನ್ನೆರಡೂವರೆ ಎಕರೆ ಅಥವಾ ಅದಕ್ಕಿಂತ ದೊಡ್ಡ ತೋಟಗಳಿಗೆ ಸಂಬಂಧಿಸಿದವು. ಕೊಡಗಿನ ಹಿಡುವಳಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಚಿಕ್ಕವು ಎಂಬುದೂ ನಿಜ. ಆದರೆ ಏಣಿಯಿಂದ ಬಿದ್ದವರ ಬೆನ್ನುಮೂಳೆಗೆ ತೋಟದ ಎಕರೆ ಲೆಕ್ಕ ಗೊತ್ತಿಲ್ಲ, ನಿರ್ಲಕ್ಷ್ಯದಿಂದ ಆದ ಸಾವಿನ ಪ್ರಕರಣ ದಾಖಲಿಸುವ ಪೊಲೀಸರೂ ಎಕರೆ ಕೇಳುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ಪಿಕಪ್. ಅದು ಸರಕಿನ ವಾಹನ. ಹಿಂಬದಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವಾಗ ಮಗುಚಿದರೆ, ಅದರಲ್ಲಿದ್ದವರಿಗೆ ವಿಮಾ ಕಂಪನಿ ಹಣ ಕೊಡಲು ನಿರಾಕರಿಸಬಹುದು. ಆಗ ಹೊಣೆಯೆಲ್ಲ ವಾಹನದವರ ಮತ್ತು ನಿಮ್ಮ ಮೇಲೆ ಬರುತ್ತದೆ. ಬೆಳಿಗ್ಗೆ ಏಳರ ಮಂಜಿನಲ್ಲಿ ನಾಪೋಕ್ಲಿನ ತಿರುವುಗಳಲ್ಲಿ ಏಣಿ, ಚೀಲ, ಬುತ್ತಿ, ಹೆಂಗಸರು ಎಲ್ಲವೂ ಒಂದೇ ತೊಟ್ಟಿಯಲ್ಲಿ ತೂಗಾಡುತ್ತ ಸಾಗುವುದನ್ನು ನೀವು ದಿನಾ ನೋಡಿರುತ್ತೀರಿ. ಸೀಟುಗಳಿರುವ ಪ್ರಯಾಣಿಕ ವಾಹನವನ್ನೇ ಗೊತ್ತುಮಾಡಿ, ನೆರೆಯ ಎರಡು ಮೂರು ತೋಟದವರು ಸೇರಿದರೆ ಬಾಡಿಗೆ ಹಂಚಿಕೆಯಾಗುತ್ತದೆ. ಕಾರ್ಮಿಕರ ಪರಿಹಾರಕ್ಕೆಂದೇ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಪಾಲಿಸಿ ದೊರೆಯುತ್ತದೆ, ಕುಯ್ಲಿಗೆ ಮೊದಲು ಮಾಡಿಸಿಕೊಳ್ಳಿ. ನಿಮ್ಮ ಕಡೆ ಆನೆಯ ಓಡಾಟವಿದ್ದರೆ, ಬೆಳಕು ಚೆನ್ನಾಗಿ ಹರಿಯುವ ಮುನ್ನ ಯಾರನ್ನೂ ತೋಟದೊಳಗೆ ನಡೆಸಬೇಡಿ. ಅರ್ಧ ಗಂಟೆ ತಡವಾಗಿ ಕೆಲಸ ಶುರುವಾದರೆ ನಷ್ಟವಾಗುವುದು ಕೆಲವು ಕಿಲೋ ಹಣ್ಣು ಮಾತ್ರ.

ಪ್ರಶ್ನೆ: ಮದುವೆಯಾಗಿ ಬಂದ ಮನೆಯಲ್ಲಿ ತೋಟವಿದೆ. ಅರವತ್ತು ದಾಟಿದ ಯರವ ಸಮುದಾಯದ ಹಿರಿಯರನ್ನು ನಮ್ಮ ಮನೆಯ ಚಿಕ್ಕ ಮಕ್ಕಳೂ ಏಕವಚನದಲ್ಲಿ ಕೂಗುತ್ತಾರೆ. ಅವರಿಗೆ ಚಹಾ ಕೊಡಲು ಬೇರೆ ಲೋಟಗಳು ಹಿಂಬಾಗಿಲ ಕಟ್ಟೆಯ ಮೇಲೆ ಕವುಚಿರುತ್ತವೆ. ಮುಂಗಡ ತೀರುವವರೆಗೆ ಬೇರೆ ಕಡೆ ಹೋಗಬಾರದೆಂದು ಅವರ ಆಧಾರ್ ಕಾರ್ಡನ್ನು ನಮ್ಮ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ಅತ್ತೆಯವರು ‘ಇದು ಮೊದಲಿನಿಂದ ನಡೆದುಕೊಂಡು ಬಂದದ್ದು, ನಿನಗೆ ಬೇಡದ ವಿಷಯ’ ಎನ್ನುತ್ತಾರೆ. (ಮೂರ್ನಾಡು)

ಉತ್ತರ: ನೀವು ಬರೆದ ಮೂರು ಸಂಗತಿಗಳಲ್ಲಿ ಆಧಾರ್ ಕಾರ್ಡಿನದು ಒಂದು ದಿನವೂ ಕಾಯುವಂಥದ್ದಲ್ಲ. ಮುಂಗಡ ಕೊಡುವುದು ಅಪರಾಧವಲ್ಲ. ಆದರೆ ಸಾಲ ತೀರುವವರೆಗೆ ಬೇರೆಡೆ ದುಡಿಯಬಾರದು, ಊರು ಬಿಡಬಾರದು ಎಂದು ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ರದ್ದು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯ್ದೆ ಅಂಥ ಸಾಲವನ್ನೇ ಅಳಿಸಿಹಾಕುತ್ತದೆ, ಶಿಕ್ಷೆ ಮೂರು ವರ್ಷದವರೆಗೂ ಹೋಗಬಹುದು. ನಿಮ್ಮ ಯಜಮಾನರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಿ, ಕಾರ್ಡನ್ನು ಆ ಹಿರಿಯರ ಕೈಗೇ ಮರಳಿಸಿ. ಪಡಿತರ, ಆಸ್ಪತ್ರೆ, ಪಿಂಚಣಿ ಎಲ್ಲಕ್ಕೂ ಅದನ್ನೇ ಕೇಳುವ ಕಾಲದಲ್ಲಿ ಅದು ಇನ್ನೊಬ್ಬರ ಬೀರುವಿನಲ್ಲಿದ್ದರೆ ಅವರ ಕಾಲು ಕಟ್ಟಿದಂತೆಯೇ.

ಲೋಟದ ವಿಷಯದಲ್ಲಿ ಅತ್ತೆಯವರೊಡನೆ ವಾದಕ್ಕೆ ಇಳಿಯಬೇಡಿ. ನಾಳೆ ಬೆಳಿಗ್ಗೆ ಮನೆಯವರ ಲೋಟದಲ್ಲೇ ಚಹಾ ಹಾಕಿ, ನೀವೇ ತೆಗೆದುಕೊಂಡು ಹೋಗಿ, ಜಗಲಿಯಲ್ಲಿ ಕೂರಿಸಿ ಕೊಡಿ, ನೀವೂ ಅಲ್ಲೇ ಕುಡಿಯಿರಿ. ಮಕ್ಕಳಿಗೆ ‘ಅಜ್ಜ’, ‘ಅಣ್ಣ’, ‘ಅಕ್ಕ’ ಎಂದು ಕರೆಯಲು ಕಲಿಸಿ. ದೊಡ್ಡವರು ಬದಲಾಗಲು ಹಿಂಜರಿಯುವ ಮನೆಗಳಲ್ಲಿ ಮಕ್ಕಳ ಬಾಯಿಂದ ಬಂದ ‘ಅಜ್ಜ’ ಎಂಬ ಕರೆಗೆ ಎದುರು ಹೇಳುವವರು ಕಡಿಮೆ. ಕೊಡಗಿನಲ್ಲಿ ಯರವರು, ಜೇನುಕುರುಬರು, ಬೆಟ್ಟಕುರುಬರು ಪರಿಶಿಷ್ಟ ಪಂಗಡಗಳಿಗೆ ಸೇರಿದವರು. ಅವರನ್ನು ಜನರೆದುರು ಜಾತಿ ಹಿಡಿದು ಬೈಯುವುದು, ಉದ್ದೇಶಪೂರ್ವಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಇದನ್ನು ಬೆದರಿಕೆಯಾಗಿ ಬಳಸಿರೆಂದು ಹೇಳುತ್ತಿಲ್ಲ, ಮನೆಯವರಿಗೆ ತಿಳಿದಿರಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಮರ್ಯಾದೆಯ ಮಾತನ್ನು ಸುರಕ್ಷತೆಯ ಪತ್ರಗಳ ನಡುವೆ ಏಕೆ ಇಟ್ಟೆ ಎಂದು ನಿಮಗೆ ಅನ್ನಿಸಬಹುದು. ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬವನ್ನು ನೀವು ನೋಡಿರಬಹುದು ಅಥವಾ ಕೇಳಿರಬಹುದು. ತೋಟಗಳಲ್ಲಿ ದುಡಿಯುವ ಆದಿವಾಸಿ ಜನರು ವೇಷ ಹಾಕಿ, ಹಾಡುತ್ತ ಕುಣಿಯುತ್ತ, ದೇವರನ್ನೂ ಧಣಿಗಳನ್ನೂ ದಾರಿಹೋಕರನ್ನೂ ಬಾಯಿತುಂಬ ಬೈದು ಕಾಣಿಕೆ ಪಡೆಯುವ ಹಬ್ಬವದು. ಬೈಸಿಕೊಂಡವರು ಆ ದಿನ ಸಿಟ್ಟಾಗುವಂತಿಲ್ಲ. ನಾನು ಅಲ್ಲಿ ನಿಂತಿದ್ದಾಗ ಒಂದು ಪ್ರಶ್ನೆ ಎದ್ದಿತ್ತು: ಇಷ್ಟು ಗಟ್ಟಿಯಾದ ದನಿಗಳು ಉಳಿದ ದಿನಗಳಲ್ಲಿ ಎಲ್ಲಿರುತ್ತವೆ? ವರ್ಷವಿಡೀ ‘ಏಯ್’ ಎಂದು ಕರೆಸಿಕೊಂಡವರು, ಹಿಂಬಾಗಿಲಲ್ಲಿ ನಿಂತು ಚಹಾ ಕುಡಿದವರು, ‘ಈ ಏಣಿಯ ಮೆಟ್ಟಿಲು ಸಡಿಲವಾಗಿದೆ, ಈ ಕೊಂಬೆ ಒಣಗಿದೆ’ ಎಂದು ಎದುರು ನಿಂತು ಹೇಳಲಾರರು. ಹೇಳಿದರೆ ಬೈಗುಳ ಬರುತ್ತದೆ ಎಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಸಿದ್ದಾಪುರದ ಪತ್ರದಲ್ಲಿದ್ದ ಹಿರಿಯರು ಹೇಳಿದರು, ಒಂದು ದಿನದ ಕೂಲಿಯನ್ನೂ ಕಳೆದುಕೊಂಡರು. ಎಲ್ಲರೂ ಅವರಷ್ಟು ಧೈರ್ಯ ಮಾಡಲಾರರು. ನೀವು ಜಗಲಿಯಲ್ಲಿ ಚಹಾ ಕೊಡುವ ದಿನ, ‘ತೋಟದಲ್ಲಿ ಭಯವಾಗುವ ಜಾಗ ಯಾವುದಾದರೂ ಇದೆಯೇ?’ ಎಂದು ಆ ಅಜ್ಜನನ್ನು ಕೇಳಿ ನೋಡಿ. ಮೊದಲ ದಿನ ‘ಏನಿಲ್ಲ ಅಮ್ಮ’ ಎಂದೇ ಹೇಳುತ್ತಾರೆ. ಹತ್ತನೆಯ ದಿನ ಒಂದು ಮರ ತೋರಿಸುತ್ತಾರೆ.

ಪ್ರಶ್ನೆ: ನಾವು ಹದಿನಾಲ್ಕು ಹೆಂಗಸರು ಒಂದೇ ತೋಟದಲ್ಲಿ ಕೆಲಸ ಮಾಡುತ್ತೇವೆ. ಶೌಚಾಲಯವಿಲ್ಲ, ಗಿಡಗಳ ಮರೆಗೆ ಹೋಗಬೇಕು. ಮೇಸ್ತ್ರಿ ಅಲ್ಲಿಗೂ ಹಿಂಬಾಲಿಸಿ ಅಸಹ್ಯವಾಗಿ ಮಾತನಾಡುತ್ತಾನೆ. ದೂರು ಕೊಡಲು ನಮ್ಮಲ್ಲಿ ಹಲವರಿಗೆ ಬರೆಯಲು ಬಾರದು. ಈ ಪತ್ರವನ್ನೂ ಮಗಳಿಂದ ಬರೆಸಿದ್ದೇನೆ. (ಸುಂಟಿಕೊಪ್ಪ)

ಉತ್ತರ: ಅಕ್ಕ, ನಿಮ್ಮ ಮಗಳ ಅಕ್ಷರ ಚೆನ್ನಾಗಿದೆ, ವಿಷಯವೂ ಸ್ಪಷ್ಟವಾಗಿದೆ. ಇದನ್ನೇ ದೂರಾಗಿ ಕೊಡಬಹುದು.

ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಕಚೇರಿಯವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಬೇರು ಇರುವುದು ರಾಜಸ್ಥಾನದ ಹಳ್ಳಿಯೊಂದರಲ್ಲಿ ಸರ್ಕಾರದ ಯೋಜನೆಗಾಗಿ ದುಡಿಯುತ್ತಿದ್ದ ಮಹಿಳೆಯೊಬ್ಬರ ಮೇಲೆ 1992ರಲ್ಲಿ ನಡೆದ ಅತ್ಯಾಚಾರದಲ್ಲಿ. ಆ ಪ್ರಕರಣದ ಬಳಿಕ 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪನ್ನು ನೀಡಿತು, ಆ ತೀರ್ಪೇ ಮುಂದೆ ಕಾಯ್ದೆಯಾಯಿತು. ಕಾಫಿ ಗಿಡದ ಸಾಲು ನಿಮ್ಮ ಕೆಲಸದ ಜಾಗ. ಅಲ್ಲಿಗೂ, ನಿಮ್ಮನ್ನು ಕರೆತರುವ ಜೀಪಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಅಸಹ್ಯದ ಮಾತು, ಹಿಂಬಾಲಿಸುವುದು, ಮೈಮುಟ್ಟುವುದು, ಕೆಲಸದ ಆಮಿಷ ತೋರಿಸುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ತೋಟದಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥರು ಮಹಿಳೆಯೇ ಆಗಿರಬೇಕು. ನೀವೇ ಹದಿನಾಲ್ಕು ಜನ ಇರುವುದರಿಂದ ನಿಮ್ಮ ತೋಟಕ್ಕೆ ಇದು ಕಡ್ಡಾಯ. ಸಮಿತಿ ರಚಿಸದಿದ್ದರೆ ಮಾಲೀಕರಿಗೆ ಐವತ್ತು ಸಾವಿರ ರೂಪಾಯಿವರೆಗೆ ದಂಡವಿದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರು, ಅಥವಾ ಕಿರುಕುಳ ಕೊಡುವವರು ಮಾಲೀಕರೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದರ ವಿವರ ಮಡಿಕೇರಿಯ ಜಿಲ್ಲಾಡಳಿತದಲ್ಲಿ ಸಿಗುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದವರಿಗೆ ದೂರು ಬರೆದುಕೊಡಲು ನೆರವಾಗುವುದು ಸಮಿತಿಯ ಕರ್ತವ್ಯವೆಂದು ಕಾಯ್ದೆಯಲ್ಲೇ ಇದೆ. ವಿಚಾರಣೆ ಮುಗಿಯುವವರೆಗೆ ಮೇಸ್ತ್ರಿಯನ್ನೋ ನಿಮ್ಮನ್ನೋ ಬೇರೆ ಕೆಲಸಕ್ಕೆ ಬದಲಿಸಿ ಎಂದು ಕೇಳಬಹುದು. ಬದಲಾಗಬೇಕಾದವನು ಮೇಸ್ತ್ರಿ ಎಂದು ಸ್ಪಷ್ಟವಾಗಿ ಬರೆಯಿಸಿ. ಪೊಲೀಸರಿಗೆ ದೂರು ಕೊಡುವ ಹಕ್ಕು ಇದರಿಂದ ತಪ್ಪುವುದಿಲ್ಲ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ನೇಮಿಸಿಕೊಡುತ್ತದೆ, ಸಹಾಯವಾಣಿ 15100.

ಶೌಚಾಲಯವನ್ನು ಬೇರೆ ಅರ್ಜಿಯಾಗಿ ಕೇಳಿ, ಏಕೆಂದರೆ ಕಿರುಕುಳದ ದೂರಿನೊಳಗೆ ಸೇರಿಸಿದರೆ ಅದು ಮರೆತುಹೋಗುತ್ತದೆ. ಕೆಲಸದ ಜಾಗಕ್ಕೆ ಹತ್ತಿರದಲ್ಲಿ, ಹೆಂಗಸರಿಗೆ ಪ್ರತ್ಯೇಕವಾಗಿ, ನೀರಿನ ಸೌಲಭ್ಯದೊಂದಿಗೆ ಇರಬೇಕೆಂದು ಬರೆಯಿಸಿ ಕಾರ್ಮಿಕ ಇಲಾಖೆಯ ಮಡಿಕೇರಿ ಕಚೇರಿಗೂ ಒಂದು ಪ್ರತಿ ಕೊಡಿ, ಇನ್ನೊಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಶೌಚಕ್ಕೆ ಹೋಗುವ ತೊಂದರೆಯಿಂದಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದೆ ಕಾಫಿ ಕುಯ್ಯುವ ಹೆಂಗಸರನ್ನು ನಾನು ಬಲ್ಲೆ. ಅವರಲ್ಲಿ ಮೂತ್ರದ ಉರಿ ಮತ್ತು ಸೋಂಕು ಸಾಮಾನ್ಯ. ಇದನ್ನೂ ಅರ್ಜಿಯಲ್ಲಿ ಸೇರಿಸಿ, ನಾಚಿಕೆಪಡಬೇಡಿ.

ಅಲ್ಲಿಯವರೆಗೆ ಒಬ್ಬೊಬ್ಬರೇ ಹೋಗಬೇಡಿ, ಇಬ್ಬಿಬ್ಬರಾಗಿ ಹೋಗಿ. ಮೇಸ್ತ್ರಿ ಏನು ಹೇಳಿದ, ಯಾವ ದಿನ, ಎಷ್ಟು ಹೊತ್ತಿಗೆ, ಹತ್ತಿರದಲ್ಲಿ ಯಾರಿದ್ದರು ಎಂಬುದನ್ನು ಪ್ರತಿ ಸಂಜೆ ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿಡಿ, ಅವನ ಮಾತುಗಳನ್ನು ಅವನಾಡಿದಂತೆಯೇ. ಮಗಳ ಮುಂದೆ ಹೇಳಲಾಗದ ಮಾತಾದರೆ ಹದಿನಾಲ್ಕು ಜನರಲ್ಲಿ ಬರೆಯಬಲ್ಲ ಒಬ್ಬರಿಂದ ಬರೆಸಿ. ದೂರಿಗೆ ಹದಿನಾಲ್ಕು ಜನರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಒಬ್ಬರನ್ನೇ ಕೆಲಸದಿಂದ ಬಿಡಿಸುವುದು ಕಷ್ಟವಾಗುತ್ತದೆ. ಸಮಿತಿಯವರು ಕರೆದ ದಿನ ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಹೋಗಿರಿ.